ರುಚಿಯನ್ನು ಅಳೆಯುವುದು ಹೇಗೆ?

ಬಂಗಾರಪೇಟೆಯ ಪಾನಿಪುರಿಯ ಹೆಸರನ್ನು ನೀವು ಕೇಳಿರಬಹುದು. ಇದರ ಪಾನಿ ಹಸಿರಾಗಿರುವುದಿಲ್ಲ, ತಿಳಿನೀರಿನಂತೆ ಕಾಣುತ್ತದೆ. ಖಾರ ತಿಳಿಯುವುದು ಬಾಯಿಗೆ ಹಾಕಿಕೊಂಡಾಗಲೇ. ಅಂಗಡಿಯವನು ಪಾನಿಯಲ್ಲಿ ಮೆಣಸಿನಕಾಯಿಯನ್ನು ತುಸು ಕಡಿಮೆ ಮಾಡಿದನೆನ್ನೋಣ. ಗ್ರಾಹಕರಿಗೆ ಅದು ಹಿಡಿಸಿತೇ? "ಹೇಗಿದೆ?" ಎಂದು ಕೇಳಿದರೆ ಹೆಚ್ಚಿನವರು "ಚೆನ್ನಾಗಿದೆ" ಎನ್ನುತ್ತಾರೆ. ಇಂಥ ಉತ್ತರದಿಂದ ತಿಳಿಯುವುದು ಬಹಳ ಕಡಿಮೆ.

ಯಾರನ್ನು ಕೇಳಬೇಕು?

ಇದಕ್ಕೆ ಪಕ್ಕದ ಕೋಲಾರ ಚಿನ್ನದ ಗಣಿಯಲ್ಲೇ ಉತ್ತರವಿದೆ. ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಹೊಳೆಯುವ ತುಣುಕನ್ನಷ್ಟೇ ಆರಿಸಿ ಪರೀಕ್ಷಿಸಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಗಣಿಗಾರಿಕೆಯಲ್ಲಿ ಅದಿರಿನ ಪದರದುದ್ದಕ್ಕೂ ನಿಗದಿತ ಅಂತರದಲ್ಲಿ ಮಾದರಿ ತೆಗೆಯುವುದು ವಾಡಿಕೆ. ಗ್ರಾಹಕರ ವಿಷಯವೂ ಹೀಗೆಯೇ. ದಿನವೂ ಬರುವ ಪರಿಚಿತರು ಹೊಳೆಯುವ ತುಣುಕುಗಳು. ಬೇಸರಗೊಂಡವನು ದೂರುವುದಿಲ್ಲ, ಮತ್ತೆ ಬರುವುದಿಲ್ಲ ಅಷ್ಟೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ಕೆಲಸಕ್ಕಾಗಿ ಬಂಗಾರಪೇಟೆಯ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ಓಡಾಡತೊಡಗಿದರು. ಅವಸರದ ಇಂಥ ಪ್ರಯಾಣಿಕರ ಅಭಿಪ್ರಾಯವೂ ಬೇಕಾದರೆ, ಪ್ರತಿ ಹತ್ತನೆಯ ಗ್ರಾಹಕನಿಗೆ ಒಂದೇ ಒಂದು ಚಿಕ್ಕ ಪ್ರಶ್ನೆ ಕೇಳುವುದು ಮೇಲು. ತಟ್ಟೆಯಲ್ಲಿ ಉಳಿದ ಪಾನಿಯೂ ಮೌನವಾದ ಒಂದು ಉತ್ತರವೇ.

ಮೂರು ಲೋಟಗಳ ಪರೀಕ್ಷೆ

ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದು ಬಗೆಯ ಪಾನಿ, ಒಂದಕ್ಕೆ ಇನ್ನೊಂದು ಬಗೆಯ ಪಾನಿ ಹಾಕಿ, ಬೇರೆಯಾದದ್ದನ್ನು ಗುರುತಿಸಲು ಹೇಳಬೇಕು. ಲೋಟಗಳ ಕ್ರಮ ಪ್ರತಿ ಸಲವೂ ಬದಲಾಗಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗುತ್ತದೆ. ಅಂದರೆ 30 ಜನರಲ್ಲಿ ಸುಮಾರು 10 ಸರಿ ಉತ್ತರಗಳು ಆಕಸ್ಮಿಕವಾಗಿಯೇ ಬರುತ್ತವೆ. 15 ಅಥವಾ ಹೆಚ್ಚು ಸರಿಯಾದರೆ, ಅದು ಬರಿಯ ಊಹೆಯಿಂದ ಬಂದಿರುವ ಸಂಭವ ಶೇಕಡಾ 5ಕ್ಕಿಂತ ಕಡಿಮೆ.

ವ್ಯತ್ಯಾಸ ತಿಳಿಯುತ್ತದೆ ಎಂದಾದ ಮೇಲೆ ಇಷ್ಟಾನಿಷ್ಟದ ಪ್ರಶ್ನೆ. ಇದಕ್ಕೆ ಆಹಾರ ವಿಜ್ಞಾನಿಗಳು 1ರಿಂದ 9ರವರೆಗಿನ ಅಂಕಗಳನ್ನು ಬಳಸುತ್ತಾರೆ. 1 ಎಂದರೆ ಸ್ವಲ್ಪವೂ ಹಿಡಿಸಲಿಲ್ಲ, 9 ಎಂದರೆ ಬಹಳ ಹಿಡಿಸಿತು. ಆದರೆ ಸರಾಸರಿಯನ್ನಷ್ಟೇ ನೋಡಬಾರದು. ಐವರು 9, ಐವರು 1 ಕೊಟ್ಟರೆ ಸರಾಸರಿ 5. ಹತ್ತೂ ಜನ 5 ಕೊಟ್ಟರೂ ಸರಾಸರಿ ಅಷ್ಟೇ! ಮೊದಲನೆಯ ಸಂದರ್ಭದಲ್ಲಿ ಖಾರದ್ದು, ಸಪ್ಪೆಯದು ಎಂದು ಎರಡು ಪಾನಿ ಇಡುವುದು ಪರಿಹಾರ. ಎರಡನೆಯದರಲ್ಲಿ ಪಾಕವನ್ನೇ ತಿದ್ದಬೇಕು. ತಿದ್ದುವಾಗಲೂ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಇಲ್ಲದಿದ್ದರೆ ಪರಿಣಾಮ ಯಾವುದರದ್ದು ಎಂದು ತಿಳಿಯದು.

ನಾಲಿಗೆಗೆ ತಿಳಿಯದ್ದು

ಗ್ರಾಹಕ ಹೇಳಲಾಗದ ಸಂಗತಿಗಳೂ ಇವೆ. 2024ರಲ್ಲಿ ಕರ್ನಾಟಕದಲ್ಲಿ ಪಾನಿಪುರಿಯ ಸುಮಾರು 260 ಮಾದರಿಗಳನ್ನು ಪರೀಕ್ಷಿಸಿದಾಗ, ಕೃತಕ ಬಣ್ಣ ಮೊದಲಾದ ಕಾರಣಗಳಿಂದ 41 ಅಸುರಕ್ಷಿತವೆಂದು ಕಂಡುಬಂದವು. ಬಣ್ಣವಿಲ್ಲದ ಪಾನಿಯಲ್ಲಿ ಈ ಚಿಂತೆ ಕಡಿಮೆ. ಆದರೆ ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವಲ್ಲ. ರೋಗಾಣುವಿಗೆ ಬಣ್ಣವಿಲ್ಲ, ರುಚಿಯಿಲ್ಲ. ಕಾಯಿಲೆ ಕಾಣಿಸಿಕೊಳ್ಳುವುದು ಗಂಟೆಗಳ ಅಥವಾ ದಿನಗಳ ನಂತರ. ಅಷ್ಟರಲ್ಲಿ ಅವನು 9 ಅಂಕ ಕೊಟ್ಟು ಹೋಗಿರುತ್ತಾನೆ! ಆದ್ದರಿಂದ ಪಾನಿ ತಯಾರಿಸುವ ನೀರನ್ನೇ ಪರೀಕ್ಷಿಸಬೇಕು. ಹೈಡ್ರೋಜನ್ ಸಲ್ಫೈಡ್ ಪಟ್ಟಿಯ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟಾಗ ಅದು ಕಪ್ಪಾದರೆ, ಮಲಮೂಲದ ಬ್ಯಾಕ್ಟೀರಿಯಾ ಇರುವ ಸಂಭವವಿದೆ. ಅಂಥ ನೀರನ್ನು ಕುದಿಸದೆ ಬಳಸಬಾರದು.

ಮೂರು ಲೋಟಗಳ ಪರೀಕ್ಷೆಯನ್ನು ಶಾಲೆಯಲ್ಲೂ ಮಾಡಬಹುದು. ಕುದಿಸಿ ಆರಿಸಿದ ನೀರಿನಲ್ಲಿ ನಿಂಬೆ ಪಾನಕ ಮಾಡಿ, ಸಕ್ಕರೆಯ ಪ್ರಮಾಣವನ್ನಷ್ಟೇ ಬದಲಿಸಿ. 30 ಮಕ್ಕಳಲ್ಲಿ ಎಷ್ಟು ಮಂದಿ ಗುರುತಿಸಿದರು? ಸಂಭವನೀಯತೆಯ ಪಾಠಕ್ಕೆ ಇದು ಒಳ್ಳೆಯ ಆರಂಭ.