ಚೂರಾದ ಕಾಡಿನಲ್ಲಿ ಉಳಿಯುವ ಇಲಿ ಯಾವುದು?

ದಾಂಡೇಲಿ ಕಡೆಯ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಿಳಿದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಸಮೇತ ಸುದ್ದಿ. ಅದೇ ಗದ್ದೆಯ ಬದುವಿನಲ್ಲಿ ಬಿಲ ತೋಡಿ ತೆನೆ ಸಾಗಿಸುವ ಇಲಿ ಯಾರಿಗೂ ಸುದ್ದಿಯಲ್ಲ. ಕಾಡು ಕರಗಿದ ಹಾಗೆ ಇಲಿಯೂ ಕಡಿಮೆಯಾಗಬೇಕಿತ್ತಲ್ಲ?

ಆಗುತ್ತದೆ. ಗದ್ದೆಯ ಇಲಿಯಲ್ಲ, ಕಾಡಿನದು.

1987ರಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಸಿದ್ಧವಾಯಿತು. ಸೂಪಾ ಊರು ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಹಿನ್ನೀರಿನಲ್ಲಿ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಥಾಯ್ಲೆಂಡಿನಲ್ಲೂ ಚಿಯೂ ಲಾರ್ನ್ ಎಂಬ ಜಲಾಶಯ ತುಂಬಿ, ಮಳೆಕಾಡಿನ ಗುಡ್ಡಗಳು ದ್ವೀಪಗಳಾಗಿದ್ದವು. ಅಲ್ಲಿನ 16 ದ್ವೀಪಗಳಲ್ಲಿ ಲ್ಯೂಕ್ ಗಿಬ್ಸನ್ ಮತ್ತು ಸಂಗಡಿಗರು ಬೋನು ಇಟ್ಟು ಲೆಕ್ಕ ಹಾಕಿ, 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲು ಶತಮಾನದೊಳಗೆ ಸ್ಥಳೀಯ ಸಣ್ಣ ಸಸ್ತನಿಗಳು ಬಹುತೇಕ ಅಳಿದಿದ್ದವು. 56 ಹೆಕ್ಟೇರಿನ ದ್ವೀಪಕ್ಕೂ ವಿನಾಯಿತಿ ಸಿಗಲಿಲ್ಲ. ಬೋನಿಗೆ ಮತ್ತೆ ಮತ್ತೆ ಬಿದ್ದದ್ದು ಹೊರಗಿಂದ ನುಗ್ಗಿದ ಮಲಯದ ಬಯಲಿಲಿ.

ಕಾರಣ ಸರಳ. ಕಾಡಿನ ತುಣುಕಿನಲ್ಲಿ ಉಳಿಯುವುದೇ ಹತ್ತಿಪ್ಪತ್ತು ಜೀವ. ಒಂದು ವರ್ಷ ಕಾಯಿ ಬಿಡದಿದ್ದರೆ ಅರ್ಧ ಸಾಯುತ್ತವೆ. ಪಕ್ಕದ ಕಾಡಿನಿಂದ ಹೊಸಬರು ಬಂದು ಜಾಗ ತುಂಬುವಂತಿಲ್ಲ. ಸಿಕ್ಕಿದ್ದು ತಿಂದು ಬೇಗ ಬೇಗ ಮರಿಹಾಕುವ ಇಲಿಗೆ ಮಾತ್ರ ಹಬ್ಬ.

ಕಾಡನ್ನು ತುಂಡರಿಸಲು ಅಣೆಕಟ್ಟೆಯೇ ಬೇಕೆಂದಿಲ್ಲ. ಜೋಯಿಡಾದ ಕೆಂದಳಿಲನ್ನು ನೋಡಿ. ಇಲಿಯ ದೂರದ ನೆಂಟ, ಮೂತಿಯಿಂದ ಬಾಲದ ತುದಿಗೆ ಸುಮಾರು ಮೂರಡಿ. ಊಟ, ನಿದ್ದೆ, ಬಾಣಂತನ ಎಲ್ಲವೂ ಮರದ ಮೇಲೆಯೇ, ನೆಲಕ್ಕಿಳಿಯುವುದು ಅಪರೂಪ. ಒಂದೇ ನೆಗೆತಕ್ಕೆ ಆರು ಮೀಟರ್ ದಾಟಬಲ್ಲದು. ರಸ್ತೆ ಅದಕ್ಕಿಂತ ಅಗಲವಾಗಿ ಕೊಂಬೆಗಳು ದೂರವಾದವೋ, ಅದರ ಪಾಲಿಗೆ ಆ ಡಾಂಬರು ತುಂಬಿದ ಹೊಳೆ.

ಉಪಗ್ರಹ ಚಿತ್ರ ತೋರಿಸಿ 'ಅರಣ್ಯ ಹೊದಿಕೆ ಹೆಚ್ಚಿದೆ' ಎನ್ನುವ ವರದಿಗಳನ್ನು ಅನುಮಾನದಿಂದಲೇ ಓದಬೇಕು. ಆ ಲೆಕ್ಕದಲ್ಲಿ ಒಂದು ಹೆಕ್ಟೇರಿನಷ್ಟು ಜಾಗಕ್ಕೆ ಶೇ 10ರಷ್ಟು ಮರದ ಹೊದಿಕೆಯಿದ್ದರೆ ನೆಡುತೋಪೂ ಅರಣ್ಯವೇ. ಹಳಿಯಾಳದ ತೇಗದ ತೋಪು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತಾಗ ಅಳಿಲಿಗೆ ಅಲ್ಲಿ ಮರೆಯೂ ಇಲ್ಲ, ಮೇವೂ ಇಲ್ಲ.

ರಸ್ತೆ ಅಗಲಿಸುವವರು ಎರಡೂ ಬದಿಯ ದೊಡ್ಡ ಮರಗಳ ಕೊಂಬೆ ಅಲ್ಲಲ್ಲಿ ಕೂಡುವಂತೆ ಉಳಿಸಲಿ. ಅದಾಗದಿದ್ದರೆ ಹಗ್ಗದ ಸೇತುವೆಯನ್ನಾದರೂ ಕಟ್ಟಲಿ; ಕಾಮಗಾರಿಯ ಒಟ್ಟು ವೆಚ್ಚದಲ್ಲಿ ಅದು ಲೆಕ್ಕಕ್ಕೇ ಬಾರದ ಖರ್ಚು.