ರೈಲು ದಾರಿ ಬರೋ ಮೊದಲು ಕೇಳೋ ಮಾತು



ನಮ್ಮ ರಾಮನಗರ ಹೇಗೆ ಹುಟ್ಟಿತು? ಇದು ನಮಗೆಲ್ಲ ಗೊತ್ತು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದರು. 1987ರಲ್ಲಿ ಕೆಲಸ ಮುಗಿಯಿತು. ಅದರ ಎತ್ತರ 101 ಮೀಟರ್. ಹಳೆಯ ಸೂಪಾ ಊರು ನೀರಿನೊಳಗೆ ಹೋಯಿತು. ಸುತ್ತಲಿನ ಹಳ್ಳಿಗಳೂ ಮುಳುಗಿದವು. ಅಲ್ಲಿಂದ ಎದ್ದು ಬಂದವರಿಗೆ ರಾಮನಗರದಲ್ಲಿ ಜಾಗ ಸಿಕ್ಕಿತು.

ಆ ನೀರಿನಿಂದ ಕರೆಂಟು ಬಂತು. ನಾಡಿಗೆ ಬೆಳಕಾಯಿತು. ಇದು ಸುಳ್ಳಲ್ಲ. ಆದರೆ ಮನೆ ಬಿಟ್ಟು ಬಂದವರು ಬರೀ ಗೋಡೆ ಬಿಟ್ಟು ಬಂದರೇನು? ಬಾವಿ ಬಿಟ್ಟರು. ಗದ್ದೆ ಬಿಟ್ಟರು. ದೇವರ ಗುಡಿ ಬಿಟ್ಟರು. ಕಷ್ಟಕ್ಕಾಗೋ ನೆರೆಮನೆ ಬಿಟ್ಟರು.

ಅದಕ್ಕೇ ದೊಡ್ಡ ಯೋಜನೆ ಅಂದ ಕೂಡಲೇ ನಾವು ಎರಡು ಮಾತು ಕೇಳಬೇಕು. ಇದರಿಂದ ಯಾರಿಗೆ ಲಾಭ? ಇದಕ್ಕೆ ಯಾರು ತಮ್ಮದನ್ನು ಬಿಟ್ಟುಕೊಡಬೇಕು?

ಇವತ್ತು ಪಟ್ಟಣದ ರೈಲಿನ ಬಗ್ಗೆ ತಿಳಿಯೋಣ. ಪಟ್ಟಣದ ರೈಲು ನಮಗ್ಯಾಕೆ ಅಂತೀರಾ? ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳು ನಮ್ಮವರೇ. ಅವರು ಬಾಡಿಗೆಗೆ ಇರೋ ಓಣಿಯ ಮೇಲೇ ಆ ರೈಲು ಹೋಗಬಹುದು.

ಹಗುರ ರೈಲು ಅಂದ್ರೆ ಏನು?

ಇದನ್ನು ಇಂಗ್ಲಿಷಿನಲ್ಲಿ ಲೈಟ್ ರೈಲು ಅಂತಾರೆ. ಇಲ್ಲಿ ಲೈಟ್ ಅಂದ್ರೆ ದೀಪ ಅಲ್ಲ. ಹಗುರ ಅಂತ ಅರ್ಥ. ಲೋಂಡಾದಲ್ಲಿ ನಾವು ನೋಡೋ ರೈಲು ಉದ್ದ, ಭಾರ. ಅದು ದೂರದ ಊರಿಗೆ ಹೋಗುತ್ತದೆ. ಹಗುರ ರೈಲಿಗೆ ಡಬ್ಬಿ ಕಡಿಮೆ. ಅದು ಊರೊಳಗೇ ಓಡುತ್ತದೆ. ಕರೆಂಟಿನಿಂದ ನಡೆಯುತ್ತದೆ. ರಸ್ತೆಯ ಮೇಲೇ ಹಳಿ ಹಾಕಬಹುದು. ಕಂಬದ ಮೇಲೆ ಸೇತುವೆ ಕಟ್ಟಿಯೂ ಓಡಿಸಬಹುದು. ಇನ್ನೂ ಹೆಚ್ಚು ಜನರನ್ನು ಸಾಗಿಸುವುದು ಮೆಟ್ರೊ. ಅದಕ್ಕೆ ಖರ್ಚೂ ಹೆಚ್ಚು.

ಬೆಂಗಳೂರಿನಲ್ಲಿ ಮೊದಲು ಹಗುರ ರೈಲಿನ ಮಾತೇ ನಡೆದಿತ್ತು. ಅದಕ್ಕಾಗಿ 1994ರಲ್ಲಿ ಸರ್ಕಾರ ಒಂದು ಕಂಪನಿ ಮಾಡಿತು. ಆ ರೈಲು ಬರಲೇ ಇಲ್ಲ. ಆಮೇಲೆ ಮೆಟ್ರೊ ಯೋಜನೆ ಬಂತು. 2006ರ ಜೂನ್ ತಿಂಗಳಲ್ಲಿ ಅಡಿಗಲ್ಲು ಹಾಕಿದರು. 2011ರ ಅಕ್ಟೋಬರ್ 20ರಂದು ಮೊದಲ ರೈಲು ಓಡಿತು. ಅದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ. ಸುಮಾರು 7 ಕಿಲೋಮೀಟರ್ ದಾರಿ. ಮೊದಲ ಹಂತದ 42 ಕಿಲೋಮೀಟರ್ ಮುಗಿದದ್ದು 2017ರ ಜೂನ್‌ನಲ್ಲಿ.

ಲೆಕ್ಕ ಹಾಕಿ ನೋಡಿ. ಅಡಿಗಲ್ಲಿನಿಂದ ಮೊದಲ ರೈಲಿಗೆ 5 ವರ್ಷ. ಮೊದಲ ಹಂತಕ್ಕೆ 11 ವರ್ಷ.

ಲಾಭವೂ ಉಂಟು, ನಷ್ಟವೂ ಉಂಟು

ರೈಲು ಬಂದರೆ ಒಳ್ಳೆಯದೇ. ಬಸ್ಸು ಗಾಡಿಗಳ ನಡುವೆ ಸಿಕ್ಕಿ ಬೀಳುತ್ತದೆ. ರೈಲಿಗೆ ಅದರದ್ದೇ ದಾರಿ ಇದ್ದರೆ ಅದು ನಿಲ್ಲದೆ ಹೋಗುತ್ತದೆ. ಗಾರ್ಮೆಂಟ್ಸ್ ಕೆಲಸದ ಹುಡುಗಿ ಬೇಗ ಮನೆ ಸೇರುತ್ತಾಳೆ. ಹೊಗೆಯೂ ಕಡಿಮೆ.

ಆದರೆ ಕಂಬ ನಿಲ್ಲಿಸೋಕೆ ರಸ್ತೆ ಅಗೆಯಬೇಕು. ನಿಲ್ದಾಣಕ್ಕೆ ಜಾಗ ಬೇಕು. ಕೆಲವು ಮನೆ, ಅಂಗಡಿ ಹೋಗುತ್ತವೆ. ಮನೆಯ ಮಾಲೀಕರಿಗೆ ಪರಿಹಾರದ ಹಣ ಬರುತ್ತದೆ. ಬಾಡಿಗೆಗೆ ಇದ್ದವರು ಏನು ಮಾಡಬೇಕು? ರಸ್ತೆ ಬದಿಗೆ ಹೂವು ಮಾರೋ ಅಕ್ಕ ವರ್ಷಗಟ್ಟಲೆ ಎಲ್ಲಿ ಕೂಡಬೇಕು?

ದುಡ್ಡಿನ ಮಾತೂ ಇದೆ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟಿಗೆ ದುಡ್ಡಿಲ್ಲ. ಮೆಟ್ರೊದಲ್ಲಿ ದುಡ್ಡು ಕೊಡಬೇಕು. 2025ರ ಫೆಬ್ರುವರಿಯಲ್ಲಿ ಬೆಂಗಳೂರು ಮೆಟ್ರೊ ದರ ಏರಿತು. ಅತಿ ದೂರದ ಟಿಕೆಟ್ 60 ರೂಪಾಯಿ ಇದ್ದದ್ದು 90 ರೂಪಾಯಿ ಆಯಿತು. ಮನೆಗೆಲಸ ಮಾಡೋಳು ದಿನಾ ಅಷ್ಟು ಕೊಟ್ಟು ಹೋಗಲಾದೀತೇ? ಇದನ್ನೂ ಮೊದಲೇ ಕೇಳಬೇಕು.

ಕೇಳಿದರೆ ಏನಾಗುತ್ತದೆ?

"ನಾವು ಕೇಳಿದರೆ ಯಾರು ಕೇಳ್ತಾರ್ರೀ?" ಅಂತ ಅನಿಸುತ್ತದೆ. ನಡೆದ ಮೂರು ಸಂಗತಿ ನೋಡೋಣ.

ಒಂದು. 2009ರಲ್ಲಿ ಬೆಂಗಳೂರಿನ ಜಯನಗರದ ನಂದಾ ರಸ್ತೆಯಲ್ಲಿ ಮೆಟ್ರೊಗೆ ಮರ ಕಡಿಯಲು ಹೊರಟರು. ಲಾಲ್‌ಬಾಗಿನ ಅಂಚಿಗೂ ಕೈ ಹಾಕಿದರು. ಜನ ಬೀದಿಗೆ ಬಂದು ಬೇಡ ಅಂದರು. ಆದರೂ ಮರ ಹೋದವು, ದಾರಿ ಬಂತು. ಜನ ಎದ್ದು ನಿಂತಾಗ ಎಲ್ಲಿ ದಾರಿ ಹೋಗಬೇಕು ಅನ್ನೋದು ಆಗಲೇ ತೀರ್ಮಾನ ಆಗಿತ್ತು.

ಎರಡು. ಮೆಟ್ರೊ ನಿಲ್ದಾಣದ ಬೋರ್ಡುಗಳಲ್ಲಿ ಮೂರು ಭಾಷೆ ಇದ್ದವು. ಕನ್ನಡ, ಇಂಗ್ಲಿಷ್ ಸಾಕು ಅಂತ 2017ರಲ್ಲಿ ಜನ ಒತ್ತಾಯ ಮಾಡಿದರು. ರಾಜ್ಯ ಸರ್ಕಾರವೂ ಅದೇ ಮಾತು ಹೇಳಿತು. ಬೋರ್ಡು ಬದಲಾಯಿತು.

ಮೂರು. ಇದು ನಮ್ಮ ಜೋಯಿಡಾ ತಾಲ್ಲೂಕಿನದೇ ಸಂಗತಿ. ಪಟ್ಟಣದ ರೈಲಲ್ಲ, ದೊಡ್ಡ ರೈಲು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ ಕಾಡಿನ ನಡುವೆ ಒಂದು ಹಳಿ ಇದೆ. ಅದರ ಪಕ್ಕಕ್ಕೆ ಇನ್ನೊಂದು ಹಳಿ ಹಾಕಬೇಕು ಅಂತ ಯೋಜನೆ ಬಂತು. ಕಾಡು ಹಾಳಾಗುತ್ತದೆ ಅಂತ ಗೋವಾದಲ್ಲಿ ಜನ ಎದ್ದು ನಿಂತರು. ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈ ಕೆಲಸಕ್ಕೆ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತ್ತು. 2022ರ ಮೇ ತಿಂಗಳಲ್ಲಿ ಕೋರ್ಟು ಆ ಒಪ್ಪಿಗೆಯನ್ನು ರದ್ದು ಮಾಡಿತು.

ನೋಡಿದಿರಾ? ಕೇಳಿದ್ದೆಲ್ಲ ಸಿಗೋದಿಲ್ಲ. ಆದರೆ ಕೆಲವು ಸಲ ಕೆಲಸ ನಿಲ್ಲುತ್ತದೆ. ಕೆಲವು ಸಲ ತಪ್ಪು ತಿದ್ದುತ್ತಾರೆ. ಕೇಳದೆ ಸುಮ್ಮನಿದ್ದರೆ ನಮ್ಮ ಕಷ್ಟ ಅವರ ನಕಾಶೆಯಲ್ಲಿ ಕಾಣೋದೇ ಇಲ್ಲ.

ಯಾವಾಗ ಕೇಳಬೇಕು? ಹೇಗೆ ಕೇಳಬೇಕು?

ನಕಾಶೆಯಲ್ಲಿ ಗೆರೆ ಎಳೆಯೋ ಮೊದಲು ಕೇಳಬೇಕು. ಆಗ ತಿದ್ದೋದು ಸುಲಭ. ಕಂಬ ಎದ್ದ ಮೇಲೆ ಕಷ್ಟ. ಸಭೆ ಕರೆದರೆ ಹೋಗಬೇಕು. ಗಂಡಸರು ಹೋದರೆ ಸಾಕು ಅಂತ ಕೂಡಬಾರದು. ನಿಲ್ದಾಣಕ್ಕೆ ಹೋಗೋ ದಾರಿಯಲ್ಲಿ ರಾತ್ರಿ ದೀಪ ಇದೆಯೇ? ಹೆಂಗಸರಿಗೆ ಪಾಯಖಾನೆ ಎಲ್ಲಿ? ಬಸುರಿ, ಮುದುಕಿ ಅಷ್ಟು ಮೆಟ್ಟಿಲು ಹತ್ತಬೇಕೇ, ಲಿಫ್ಟು ಇದೆಯೇ? ಈ ಮಾತು ನಾವು ಎತ್ತದಿದ್ದರೆ ಯಾರು ಎತ್ತುತ್ತಾರೆ?

ಕಾನೂನಿನಲ್ಲಿ ನಮಗೆ ಕೆಲವು ದಾರಿ ಇವೆ.

ಮನೆ-ಜಾಗದ ನೋಟಿಸು: ಬೆಂಗಳೂರು ಮೆಟ್ರೊಗೆ ಬೇಕಾದ ಜಾಗವನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ತೆಗೆದುಕೊಳ್ಳುತ್ತಾರೆ. ಅದಕ್ಕೆ 1966ರ ಕಾಯ್ದೆ ಇದೆ. ನೋಟಿಸು ಕೈಗೆ ಬಂದ ಮೇಲೆ 30 ದಿನದೊಳಗೆ ತಕರಾರು ಬರೆದು ಕೊಡಬಹುದು. ಅವರು ಅದನ್ನು ವಿಚಾರಣೆ ಮಾಡಬೇಕು. ದಿನ ಮೀರಿದರೆ ಕಷ್ಟ.

ರಸ್ತೆ ಬದಿ ವ್ಯಾಪಾರ: ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಅವರನ್ನು ಎಬ್ಬಿಸೋ ಮೊದಲು 30 ದಿನದ ನೋಟಿಸು ಕೊಡಬೇಕು.

ಮರ: ಸರ್ಕಾರಿ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಜನರಿಗೆ ತಿಳಿಸಬೇಕು. ಅವರ ತಕರಾರು ಕೇಳಬೇಕು. ಇದು ನಮ್ಮ ರಾಜ್ಯದ ಕಾಯ್ದೆಯಲ್ಲೇ ಇದೆ.

ಮಾಹಿತಿ: 2005ರ ಮಾಹಿತಿ ಹಕ್ಕು ಕಾಯ್ದೆ ಎಲ್ಲರಿಗೂ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಕೊಡಬೇಕು. ಬಡತನ ರೇಖೆಯ ಕೆಳಗೆ ಇದ್ದವರಿಗೆ ಆ ದುಡ್ಡೂ ಇಲ್ಲ. ದಾರಿ ಎಲ್ಲಿ ಹೋಗುತ್ತದೆ, ಯಾರ ಜಾಗ ಹೋಗುತ್ತದೆ ಅಂತ ಕೇಳಬಹುದು. ಅವರು 30 ದಿನದೊಳಗೆ ಉತ್ತರ ಕೊಡಬೇಕು.

ಓದು ಯಾತಕ್ಕೆ ಬಂತು?

ನೋಟಿಸು ಬರೋದು ಕಾಗದದಲ್ಲಿ. ಮನೆಯ ಪತ್ರ ಗಂಡನ ಹೆಸರಿನಲ್ಲಿದ್ದರೆ ನೋಟಿಸೂ ಅವನ ಹೆಸರಿಗೇ ಬರುತ್ತದೆ. ಅವನು ಊರಲ್ಲಿ ಇಲ್ಲದಿದ್ದರೆ? ಓದೋಕೆ ಬಾರದ ಕಾಲದಲ್ಲಿ ನಾವು ಅದನ್ನು ಮಡಚಿ ಜಂತಿಗೆ ಸಿಕ್ಕಿಸಿ ಇಡುತ್ತಿದ್ದೆವು. ಅಷ್ಟರಲ್ಲಿ 30 ದಿನ ಕಳೆದು ಹೋಗುತ್ತಿತ್ತು.

ಈಗ ನಾವು ಅಕ್ಷರ ಕಲಿತಿದ್ದೇವೆ. ಕಾಗದ ಬಂದ ಕೂಡಲೇ ಮೊದಲು ತಾರೀಖು ಓದೋಣ. ಯಾವ ಆಫೀಸಿನಿಂದ ಬಂತು ನೋಡೋಣ. ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಅಂತ ಹುಡುಕೋಣ. ತಿಳಿಯದ ಮಾತಿದ್ದರೆ ಕಲಿಕೆ ಕೇಂದ್ರಕ್ಕೆ ತಂದು ಎಲ್ಲರೂ ಕೂಡಿ ಓದೋಣ. ನಮ್ಮ ತಕರಾರು ನಾವೇ ಬರೆದು ನಾವೇ ಸಹಿ ಹಾಕೋಣ.

ರೈಲು ಬೇಕು. ನಾವೂ ಅದರಲ್ಲಿ ಹತ್ತಬೇಕು. ಆದರೆ ಒಬ್ಬರ ಮನೆ ಕತ್ತಲೆ ಮಾಡಿ ಇನ್ನೊಬ್ಬರಿಗೆ ದಾರಿ ಆಗಬಾರದು. ಸೂಪಾದಿಂದ ಎದ್ದು ಬಂದ ಊರಿನವರು ನಾವು. ಇದನ್ನು ನಾವು ಹೇಳದೆ ಇನ್ಯಾರು ಹೇಳಬೇಕು?

ಕೂಡಿ ಮಾತಾಡೋಣ

1. ನಿಮ್ಮ ಮನೆಯ ಪತ್ರದಲ್ಲಿ ಯಾರ ಹೆಸರಿದೆ? ಓದಿ ನೋಡಿ ಬನ್ನಿ.
2. ಸೂಪಾದಿಂದ ಬಂದ ಹಿರಿಯರು ನಿಮ್ಮ ಓಣಿಯಲ್ಲಿ ಇದ್ದಾರೆಯೇ? ಆಗ ಅವರನ್ನು ಯಾರಾದರೂ ಕೇಳಿದ್ದರೇ? ವಿಚಾರಿಸಿ.
3. ನಮ್ಮ ಊರಿಗೆ ಹೊಸ ರಸ್ತೆಯೋ ಹಳಿಯೋ ಬರುತ್ತದೆ ಅಂದರೆ ಸಭೆಯಲ್ಲಿ ನೀವು ಕೇಳೋ ಮೊದಲ ಪ್ರಶ್ನೆ ಯಾವುದು? ಪಾಟಿಯ ಮೇಲೆ ಬರೆಯಿರಿ.