ಸರ್ವರ್ ಏಕೆ ಸೋಲುತ್ತದೆ?

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ತೊಗರಿಯ ಬೆಳೆವಿಮೆಗೆ ಕಡೆಯ ದಿನ ಸಮೀಪಿಸಿದಾಗ ಪಹಣಿಗಾಗಿ ಬಂದ ರೈತನಿಗೆ ಈ ಸೀಮೆಯಲ್ಲಿ ದೊರೆಯುವ ಉತ್ತರವೊಂದುಂಟು: “ಸರ್ವರ್ ಡೌನ್ ಅದರೀ, ನಾಳಿ ಬರ್ರಿ.” ನಾಳೆಗೆ ಗಡುವು ಮುಗಿದಿದ್ದರೆ ಅವನ ಗತಿಯೇನು?

ಸರ್ವರ್ ಎಂದರೆ ಅನೇಕರ ಕೋರಿಕೆಗಳಿಗೆ ಉತ್ತರ ಕೊಡುವ ಗಣಕಯಂತ್ರ. ಒಂದೊಂದು ಕೋರಿಕೆಗೂ ಅದಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗ ಬೇಕೆಂದು ಭಾವಿಸೋಣ. ಸೆಕೆಂಡಿಗೆ 5 ಕೋರಿಕೆಗಳು ಬರುವವರೆಗೆ ಬಾಧಕವಿಲ್ಲ. 10 ಬರತೊಡಗಿದರೆ ಒಂದೇ ನಿಮಿಷದಲ್ಲಿ 300 ಕೋರಿಕೆಗಳು ಸರದಿಯಲ್ಲಿ ನಿಲ್ಲುತ್ತವೆ. ಕೊನೆಯದು ಮತ್ತೊಂದು ನಿಮಿಷ ಕಾಯಬೇಕು. ಬೇಸತ್ತವನು ಗುಂಡಿಯನ್ನು ಮತ್ತೆ ಒತ್ತಿದನೆನ್ನಿ, ಅದೂ ಸರದಿಗೆ ಸೇರಿತು!

2001ರಲ್ಲಿ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗೊಂದು ಸರ್ವರ್ ಇತ್ತು. ಹೊರೆ ತಾನಾಗಿಯೇ ಹಂಚಿಹೋಗಿತ್ತು. ಆದರೆ ಆಗ ಗುಲ್ಬರ್ಗಾ ತಾಲ್ಲೂಕಿಗೆ ಸೇರಿದ್ದ ಕಮಲಾಪುರದವರು ಪಹಣಿಗೆ ಪಟ್ಟಣಕ್ಕೇ ಬರಬೇಕಿತ್ತು. ದಾಖಲೆಗಳೆಲ್ಲ ಕೇಂದ್ರದಲ್ಲಿ ಕೂಡಿದ ಮೇಲೆ ಈ ತೊಡಕು ತಪ್ಪಿತು. ನಾಡಿನ ಹೊರೆಯೆಲ್ಲ ಒಂದೆಡೆ ಬಿದ್ದಿತು.

ಹೊರೆ ಹೆಚ್ಚಿದಾಗ ಯಂತ್ರವನ್ನೇ ದೊಡ್ಡದು ಮಾಡಬಹುದು, ಅದಕ್ಕೊಂದು ಮಿತಿಯುಂಟು. ಹಲವು ಯಂತ್ರಗಳನ್ನು ಜೋಡಿಸಿ, ಮುಂದೊಂದು ಹಂಚಿಕೆಯ ಯಂತ್ರವನ್ನಿರಿಸುವುದು ಮೇಲಾದ ದಾರಿ. ಇದಕ್ಕೆ ಯಾವ ಸರ್ವರೂ ರೈತನ ಅರ್ಧ ತುಂಬಿದ ಅರ್ಜಿಯನ್ನು ತನ್ನ ನೆನಪಿನಲ್ಲಷ್ಟೇ ಇಟ್ಟುಕೊಳ್ಳಕೂಡದು. ಇಟ್ಟುಕೊಂಡರೆ, ಅದು ಕೆಟ್ಟಾಗ ಅರ್ಜಿಯೂ ಹೋಯಿತು. ಆದುದರಿಂದ ಎಲ್ಲವೂ ಸಮಾನವಾದ ದತ್ತಾಂಶ ಭಂಡಾರದಲ್ಲಿರಬೇಕು. ನಿಜವಾದ ಇಕ್ಕಟ್ಟು ಇಲ್ಲಿಯೇ. ಒಂದೇ ಸರ್ವೆ ನಂಬರಿಗೆ ಇಬ್ಬರು ಏಕಕಾಲದಲ್ಲಿ ಬದಲಾವಣೆ ಬರೆದರೆ ಹೊಲ ಯಾರದು? ಒಬ್ಬನು ಬರೆಯುವಾಗ ಮತ್ತೊಬ್ಬನನ್ನು ತಡೆಯಲೇಬೇಕು. ಸರ್ವರುಗಳನ್ನು ನೂರಾಗಿಸಿದರೂ ಈ ತಡೆ ತಪ್ಪದು.

ಯಂತ್ರಗಳ ಜಾತಿಯೂ ಬೇರೆಬೇರೆ: ಕಚೇರಿಯಲ್ಲಿ ವಿಂಡೋಸ್, ಕೇಂದ್ರದಲ್ಲಿ ಲಿನಕ್ಸ್, ರೈತನ ಕೈಯಲ್ಲಿ ಆಂಡ್ರಾಯ್ಡ್ ಇರಬಹುದು. 1995ರಲ್ಲಿ ಬಂದ ಜಾವಾ ಭಾಷೆಯು ಕಾರ್ಯಕ್ರಮವನ್ನು ಒಂದು ಮಧ್ಯಭಾಷೆಗೆ ತಿರುಗಿಸಿ, ಆಯಾ ಯಂತ್ರದಲ್ಲಿ ಒಬ್ಬ ದುಭಾಷಿಯನ್ನು ಕೂರಿಸಿತು. ಬಳಸುವವನಿಗಂತೂ ಬ್ರೌಸರ್ ಒಂದಿದ್ದರೆ ಸಾಕು.

ನೋಂದಣಿ ಇಲಾಖೆಯ ‘ಕಾವೇರಿ 2.0’ ಇಂತಹ ಏರ್ಪಾಡು. 2023ರಲ್ಲಿ ಅದನ್ನು ಮೊದಲು ಪರೀಕ್ಷಿಸಿದ ಕಚೇರಿಗಳಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿಯದೂ ಒಂದು. 2025ರ ಆರಂಭದಲ್ಲಿ ದುರುದ್ದೇಶದ ಕೋರಿಕೆಗಳ ಮಹಾಪೂರ ಅದರ ಮೇಲೆ ಹರಿದು, ನೋಂದಣಿ ಕಾರ್ಯ ಕುಂಟಿತು. ಆ ಕೋರಿಕೆಗಳನ್ನು ಕಳುಹಿಸುತ್ತಿದ್ದವರು ಮನುಷ್ಯರಲ್ಲ, ಯಂತ್ರಗಳು. ಸರದಿಯಲ್ಲಿ ನಿಂತಿದ್ದವರು ಮಾತ್ರ ಮನುಷ್ಯರೇ.